ಪೈಪು ಮುಟ್ಟದ ಮೂಲೆಯ ಜೋಳ

ರೊಟ್ಟಿ ಮೊದಲು ಬಿರಿಯುವುದು ಅಂಚಿನಲ್ಲಿ. ಅವ್ವ ಪರಾತದಲ್ಲಿ ಬಡಿಯುತ್ತಿದ್ದಳು. ಬಡಿತಕ್ಕೆ ತಕ್ಕಂತೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತಿತ್ತು. ಊಟದ ತಟ್ಟೆಯಷ್ಟಾಗುವ ಹೊತ್ತಿಗೆ ಅಂಚಿನಲ್ಲೊಂದು ಸಣ್ಣ ಸೀಳು. ಅವ್ವ ಬೆರಳು ಒದ್ದೆ ಮಾಡಿ ಸವರಿ ಮುಚ್ಚಿದಳು. ಮತ್ತೆರಡು ಸುತ್ತಿಗೆ ಅದರ ಪಕ್ಕದಲ್ಲಿ ಇನ್ನೊಂದು, ಎದುರಿನಲ್ಲಿ ಮತ್ತೊಂದು. ಕೊನೆಗೆ ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕುವಾಗ ರೊಟ್ಟಿ ಎರಡು ಹೋಳಾಯಿತು. ಒಂದು ಹಂಚಿನ ಮೇಲೆ, ಒಂದು ಒಲೆಯ ಪಕ್ಕದ ಕಟ್ಟೆಯ ಮೇಲೆ. ಅವ್ವ ಹೋಳುಗಳ ಕಡೆ ನೋಡಲಿಲ್ಲ. ತನ್ನ ಕೈ ನೋಡಿಕೊಂಡಳು.

ಆ ನೋಟವೊಂದನ್ನು ನಾನು ನಂಬುತ್ತೇನೆ. ಉಳಿದದ್ದರ ಬಗ್ಗೆ ಖಾತ್ರಿಯಿಲ್ಲ. ಅದು ಹೋಳಿ ಹುಣ್ಣಿಮೆಯ ಹಿಂದಿನ ದಿನ ಎಂದು ಎಷ್ಟೋ ಸಲ ಹೇಳಿದ್ದೇನೆ, ಹಾಗೆ ಹೇಳಿದರೆ ಕೇಳುವವರಿಗೆ ಕಾಲ ಗೊತ್ತಾಗುತ್ತದೆ ಎಂದು. ಅವ್ವನ ಕೈಯ ಮೇಲೆ ಕಿಟಕಿಯ ಬಿಸಿಲು ಬಿದ್ದಿತ್ತು ಅಂತಲೂ ಒಮ್ಮೆ ಹೇಳಿದೆ. ನಮ್ಮ ಅಡುಗೆಮನೆಯ ಕಿಟಕಿ ಉತ್ತರಕ್ಕಿದೆ, ಎದುರಿಗೆ ಗೋದಾಮಿನ ಗೋಡೆ. ಅಲ್ಲಿ ಬಿಸಿಲು ಬಂದದ್ದನ್ನು ನಾನು ಕಂಡೇ ಇಲ್ಲ. ಆದರೆ ಆ ಬಿಸಿಲನ್ನು ತೆಗೆದುಹಾಕಿದರೆ ನೆನಪಿನಲ್ಲಿ ಅವ್ವನ ಕೈ ಕೂಡ ಮಂಕಾಗುತ್ತದೆ. ಹಾಗಾಗಿ ಎರಡನ್ನೂ ಬರೆದಿಡುತ್ತೇನೆ: ಬಿಸಿಲಿತ್ತು ಅಂತ ನೆನಪು, ಬಿಸಿಲಿರಲು ಸಾಧ್ಯವಿಲ್ಲ ಅನ್ನುವುದು ನಿಜ.

ನಮ್ಮ ಮನೆ ಪುಣೆಯ ಮಾರ್ಕೆಟ್ ಯಾರ್ಡಿನ ಹಿಂಬದಿಯಲ್ಲಿ, ಒಂದು ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಕೆಳಗೆ ಗಿರಣಿ ಓಡುವಾಗ ನಮ್ಮ ನೆಲ ಸಣ್ಣಗೆ ನಡುಗುತ್ತದೆ, ಕಪಾಟಿನ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ಮಾತಾಡುತ್ತವೆ. ಅಪ್ಪ ಯಾರ್ಡಿನಲ್ಲಿ ವಿಜಯಪುರ ಕಡೆಯ ಒಬ್ಬ ಕಾಳಿನ ವ್ಯಾಪಾರಿಯ ಬಳಿ ಗುಮಾಸ್ತರಾಗಿದ್ದರು. ಅವರು ತೀರಿಹೋದಮೇಲೆ ಅವ್ವ ನಮ್ಮ ಕಡೆಯ ಹತ್ತು ಹನ್ನೆರಡು ಮನೆಗಳಿಗೆ ರೊಟ್ಟಿ ಮಾಡಿ ಕೊಡತೊಡಗಿದಳು. ಅವಳ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಗಿರುವವರ ಮುಖದ ಅಂದಾಜು ಸಿಗುತ್ತದೆ ಎಂದು ಜನ ಹೊಗಳುತ್ತಿದ್ದರು. ಸಹಾಯಕ್ಕೆ ಸೊಲ್ಲಾಪುರ ಕಡೆಯ ಒಬ್ಬ ಹೆಂಗಸು ಬರುತ್ತಿದ್ದಳು, ಪುಣೆಯ ರೂಢಿಯಂತೆ ಅವಳನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಅವಳೂ ಹುಟ್ಟಿದಾಗಿನಿಂದ ಜೋಳ ತಿಂದವಳೇ. ಆದರೂ ಅವ್ವ ಬಡಿಯಬೇಕು, ಮಾವಶಿ ಬೇಯಿಸಬೇಕು, ಇದು ನಿಯಮ.

ಜೋಳ ಬರುತ್ತಿದ್ದುದು ಅವ್ವನ ತಮ್ಮನ ಹೊಲದಿಂದ. ಎರೆಹೊಲದ ಹಿಂಗಾರಿ ಬಿಳಿಜೋಳ. ಪ್ರತಿವರ್ಷ ರಾಶಿಯಾದ ಮೇಲೆ ಯಾರ್ಡಿಗೆ ಬರುವ ಯಾವುದಾದರೊಂದು ಲಾರಿಯಲ್ಲಿ ಮಾವ ಚೀಲಗಳನ್ನು ಹಾಕಿ ಕಳಿಸುತ್ತಿದ್ದ. ಹೊಸ ಜೋಳ ಬೀಸಿ ಬಂದ ದಿನ ಅವ್ವ ಮಾಡುವ ಮೊದಲ ರೊಟ್ಟಿ ಈ ಮನೆಯಲ್ಲಿ ಯಾರಿಗೂ ಇಲ್ಲ. ಅದನ್ನು ಅವಳು ಹಂಚಿನ ಬದಿಗೆ ಆನಿಸಿಟ್ಟು, ಹಪ್ಪಳದ ಹಾಗೆ ಖಡಕ್ ಆಗುವವರೆಗೆ ಒಣಗಿಸಿ, ಎರಡು ರಟ್ಟಿನ ನಡುವೆ ಇಟ್ಟು, ಬಟ್ಟೆ ಸುತ್ತಿ, ಊರಿಗೆ ಹೋಗುವವರ ಕೈಯಲ್ಲಿ ತಮ್ಮನಿಗೆ ಕಳಿಸುತ್ತಿದ್ದಳು. ಇಡಿಯಾಗಿ ಮುಟ್ಟಬೇಕು. ಒಯ್ಯುವವರಿಗೆ ತೊಡೆಯ ಮೇಲಿಟ್ಟುಕೊಂಡೇ ಹೋಗಬೇಕೆಂದು ತಾಕೀತು. ಅಕ್ಕ ತಮ್ಮನ ಪ್ರೀತಿ ಎಂದು ನಾನು ಅದನ್ನು ತಿಳಿದಿದ್ದೆ. ಅದರ ಬಗ್ಗೆ ಕೇಳಿದವರ ಮುಂದೆ ಸ್ವಲ್ಪ ಹೆಮ್ಮೆಯಿಂದ ಹಾಗೇ ವರ್ಣಿಸಿಯೂ ಇದ್ದೆ.

ನಾನು ಪುಣೆಯ ಅಂಚಿನ ಭೋಸರಿಯಲ್ಲಿ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡುತ್ತೇನೆ. ಎರಡೂ ಬದಿಗೆ ಲೋಹ ಕೊರೆಯುವ ಕಾರ್ಖಾನೆಗಳು; ನಡುವೆ ನಾವು, ಮಣ್ಣು ಜರಡಿ ಹಿಡಿಯುವವರು. ಮಣ್ಣು ಹಾಲಿನ ಕವರಿನಲ್ಲಿ ಬರುತ್ತದೆ, ಮದುವೆಯಲ್ಲಿ ಹಂಚಿದ ಬಟ್ಟೆಚೀಲದಲ್ಲಿ ಬರುತ್ತದೆ, ಒಮ್ಮೆ ಸಿಹಿತಿಂಡಿಯ ಡಬ್ಬಿಯಲ್ಲಿ ಬಂದಿತ್ತು. ರೈತರು ಹೊಲದ ಅತ್ಯಂತ ಒಳ್ಳೆಯ ಮಣ್ಣನ್ನು ಆರಿಸಿ ತರುತ್ತಾರೆ. ಬದುವಿನ ಬೇವಿನ ಮರದ ಬುಡದ್ದು, ಹಳೆಯ ತಿಪ್ಪೆ ಇದ್ದ ಜಾಗದ್ದು. ಹೊಲದ ಹದಿನೈದು ಇಪ್ಪತ್ತು ಕಡೆ ಅಡ್ಡಾದಿಡ್ಡಿ ನಡೆದು ತೆಗೆಯಿರಿ ಎಂದು ಚೀಟಿಯಲ್ಲಿ ಅಚ್ಚು ಹಾಕಿದ್ದರೂ ಅಷ್ಟೇ. ನೆಂಟರ ಮುಂದೆ ಹರಕು ಚಾಪೆ ಹಾಸುವವರು ಯಾರು? ನಾವು ಊಟದ ಹೊತ್ತಿನಲ್ಲಿ ಅದನ್ನು ಹೇಳಿಕೊಂಡು ನಗುತ್ತಿದ್ದೆವು.

ಬಂದ ಮಣ್ಣನ್ನು ಹಾಳೆಯ ಮೇಲೆ ಸುರಿದು, ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲುತ್ತೇವೆ. ಉಳಿದದ್ದನ್ನು ಮತ್ತೆ ಕಲಸಿ ಮತ್ತೆ ಚೆಲ್ಲುತ್ತೇವೆ. ಬೊಗಸೆಯಷ್ಟು ಉಳಿಯುವವರೆಗೆ. ಆ ಬೊಗಸೆಯೇ ಹೊಲ ಎಂದು ಒಪ್ಪಿಕೊಳ್ಳುತ್ತೇವೆ. ಇದನ್ನು ಬರೆಯುವಾಗಲೂ ನಾನು ಅದನ್ನೇ ಮಾಡುತ್ತಿದ್ದೇನೆ. ಚೆಲ್ಲಿದ ಭಾಗದಲ್ಲಿ ಏನಿತ್ತೋ.

ಎರಡು ವರ್ಷದ ಹಿಂದೆ ಗಣಪತಿ ಹಬ್ಬಕ್ಕೆ ಮಾವ ಪುಣೆಗೆ ಬಂದಾಗ ಜೊತೆಗೆ ಮಣ್ಣು ತಂದು, ಪ್ರಯೋಗಾಲಯಕ್ಕೇ ಬಂದು ಕೊಟ್ಟಿದ್ದ. ಬೋರು ಕೊರೆಸಿದ್ದ, ನೀರು ಬಿದ್ದಿತ್ತು. ಕೆಳಗಿನ ಹೊಲಕ್ಕೆ ಪೈಪು ಹಾಕಿದ್ದ. ಸುತ್ತಲಿನವರು ನೀರು ಬಿಟ್ಟು ಮೊಣಕೈಯುದ್ದದ ತೆನೆ ತೆಗೆಯುತ್ತಿದ್ದಾರೆ, ನಾನು ಮಾತ್ರ ಅಜ್ಜನ ಹಾಗೆ ಇಬ್ಬನಿ ನೆಚ್ಚಿಕೊಂಡು ಕೂತಿದ್ದೇನೆ, ಏನು ಹಾಕಬೇಕು ನೀನೇ ಹೇಳು ಅಂದ. ಹಿಂಗಾರಿ ಜೋಳ ಬೆಳೆಯುವುದೇ ಹಾಗೆ. ಬಿತ್ತುವ ಮುಂಚಿನ ಮಳೆ ಕರಿಮಣ್ಣಿನ ಹೊಟ್ಟೆಯಲ್ಲಿ ಬಿಟ್ಟುಹೋದ ತೇವವನ್ನು ಬೇರು ಹುಡುಕಿಕೊಂಡು ಕೆಳಗಿಳಿಯುತ್ತದೆ, ಚಳಿಗಾಲದುದ್ದಕ್ಕೂ ಅಷ್ಟನ್ನೇ ಉಳಿಸಿ ಉಳಿಸಿ ಕುಡಿಯುತ್ತದೆ. ಇಳುವರಿ ಕಡಿಮೆ. ಕಾಳು ಸಣ್ಣದು, ಮುತ್ತಿನ ಹಾಗೆ ಹೊಳಪು.

ಪರೀಕ್ಷೆಯಲ್ಲಿ ಸಾರಜನಕ ಕಡಿಮೆ ಬಂತು, ಸತು ಕಡಿಮೆ ಬಂತು, ಪೊಟ್ಯಾಷ್ ಬೇಕಾದಷ್ಟಿತ್ತು. ಆ ಕಡೆಯ ಕರಿಮಣ್ಣೆಲ್ಲ ಬಹುಮಟ್ಟಿಗೆ ಹೀಗೇ. ನಾನು ಶಿಫಾರಸಿನ ಕಾಲಮ್ಮಿನಲ್ಲಿ ಬರೆದೆ: ಯೂರಿಯಾ ಎರಡು ಸಲಕ್ಕೆ ಹಂಚಿ, ಬಿತ್ತುವಾಗ ಸತುವಿನ ಗೊಬ್ಬರ, ಮೊಣಕಾಲೆತ್ತರ ಬಂದಾಗ ಒಂದು ನೀರು, ಹೂವಾಡುವಾಗ ಇನ್ನೊಂದು. ತಪ್ಪೇನೂ ಇಲ್ಲ ಅದರಲ್ಲಿ. ಇಂದು ಬೇರೆ ಯಾರಾದರೂ ಬರೆದರೂ ಅದನ್ನೇ ಬರೆಯುತ್ತಾರೆ. ನಮ್ಮ ಹಾಳೆಯ ಕೆಳಭಾಗದಲ್ಲಿ ನೀರಿನ ಪರೀಕ್ಷೆಗೆ ಇನ್ನೊಂದು ಕಾಲಮ್ಮಿದೆ. ಅದನ್ನು ಖಾಲಿ ಬಿಟ್ಟೆ. ಮಾವ ನೀರು ತಂದಿರಲಿಲ್ಲ. ನಾನು ಕೇಳಿರಲೂ ಇಲ್ಲ. ಮನೆಯವನಲ್ಲವೇ, ಅವನ ಬಾವಿಯ ನೀರನ್ನು ಬಾಲ್ಯದಲ್ಲಿ ಕುಡಿದವಳಲ್ಲವೇ ಎಂಬ ಸಲಿಗೆ ಇರಬೇಕು. ಅಪರಿಚಿತನಾಗಿದ್ದರೆ ಕೇಳುತ್ತಿದ್ದೆ. ಕೇಳುತ್ತಿದ್ದೆ ಅಂದುಕೊಳ್ಳುತ್ತೇನೆ.

ಹೋಳಿಗೋ ಅದರ ಆಚೆ ಈಚೆಗೋ ಬಂದ ಹೊಸ ಜೋಳ ಆ ಕೆಳಗಿನ ಹೊಲದ್ದು. ಮಾವ ಫೋನಿನಲ್ಲಿ ಉಬ್ಬಿಹೋಗಿದ್ದ. ಹಿಂದೆ ಎಂದೂ ಇಷ್ಟು ಬೆಳೆದಿರಲಿಲ್ಲ, ಕಣದಲ್ಲಿ ರಾಶಿ ನೋಡಲು ಊರವರು ಬಂದಿದ್ದರು. ಚೀಲ ಬಿಚ್ಚಿದಾಗ ನನಗೂ ಖುಷಿಯಾಯಿತು. ದಪ್ಪ ಕಾಳು. ಅವ್ವ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದಳು. ಹೊಳಪು ಸ್ವಲ್ಪ ಕಡಿಮೆ ಅನಿಸಿತು, ಆದರೆ ಅಂದು ನಾನು ಹಾಗೆಂದೆನೋ ಅಥವಾ ಆಮೇಲೆ ಆದದ್ದೆಲ್ಲ ಗೊತ್ತಿದ್ದು ಈಗ ಆ ಕಾಳಿನ ಹೊಳಪನ್ನು ನಾನೇ ಒರೆಸುತ್ತಿದ್ದೇನೋ ತಿಳಿಯದು. ಬೀಸಿಕೊಂಡು ಬಂದೆವು. ಎಸರಿಟ್ಟು, ಕುದಿಯುವ ನೀರು ಹಾಕಿ, ಅವ್ವ ನಾದಿದಳು. ಮೊದಲ ರೊಟ್ಟಿ ಒಡೆಯಿತು. ಎರಡನೆಯದೂ. ಎಂಟನೆಯದೋ ಒಂಬತ್ತನೆಯದೋ ಆದಮೇಲೆ ಅವ್ವ ಎದ್ದು ಕೈ ತೊಳೆದುಕೊಂಡಳು.

ಅವಳ ಬಲಗೈಯ ಹೆಬ್ಬೆರಳಿನ ಗೆಣ್ಣು ಅದಾಗಲೇ ಒಂದು ವರ್ಷದಿಂದ ಊದಿಕೊಳ್ಳುತ್ತಿತ್ತು. ಬೆಳಗ್ಗೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ರೊಟ್ಟಿ ಬಡಿಯುವವರಿಗೆ ಬೆರಳ ತುದಿಯ ಬಿಗಿ, ಅಂಗೈಯ ಭಾರ ಎರಡೂ ಒಂದೇ ತಾಳದಲ್ಲಿರಬೇಕು. ಅವಳು ಆ ದಿನವೇ ತೀರ್ಮಾನಿಸಿಬಿಟ್ಟಳು.

“ನನ್ನ ಕೈ ಹೋದುವು,” ಅಂದಳು. ಯಾರಿಗೋ ವಿಳಾಸ ಹೇಳುವಷ್ಟು ಸಮ ದನಿಯಲ್ಲಿ.

ಮಾವಶಿ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, “ಪೀಠಚ ತಸಂ ಆಹೇ, ಅಕ್ಕಾ,” ಅಂದಳು, ಹಿಟ್ಟೇ ಹಾಗಿದೆ ಎಂದು. ಅವಳೂ ಬಡಿದಳು. ಅವಳದ್ದೂ ಒಡೆಯಿತು, ಆದರೆ ಎಲ್ಲವೂ ಒಡೆಯಲಿಲ್ಲ. ಅವ್ವ ಒಡೆಯದವನ್ನು ಮಾತ್ರ ಎಣಿಸಿದಳು.

ಹಾಗಾದರೆ ಬೇರೆ ಜೋಳ ತಂದು ನೋಡಬಾರದೇ ಎಂದು ಯಾರಾದರೂ ಕೇಳಬಹುದು. ತಂದೆವು. ಯಾರ್ಡಿನಿಂದ ಐದು ಕಿಲೋ ತಂದಾಗ ಚೆನ್ನಾಗಿ ಬಂತು, ಅದೇ ಅಂಗಡಿಯಿಂದ ಮುಂದಿನ ವಾರ ತಂದಾಗ ಹಂಚಿನ ಮೇಲೆ ಪುಡಿಪುಡಿ. ಯಾವ ಹೊಲದ್ದು, ಎಷ್ಟು ದಿನ ಗೋದಾಮಿನಲ್ಲಿ ಕೂತದ್ದು, ಯಾವುದರ ಜೊತೆ ಬೆರೆಸಿದ್ದು, ಯಾರಿಗೆ ಗೊತ್ತು. ಮನೆಯಲ್ಲಿದ್ದ ಹಿಂದಿನ ವರ್ಷದ ನಮ್ಮ ಜೋಳದ ತಳದಲ್ಲಿ ಹುಳ ಬಿದ್ದಿತ್ತು. ಹುಳ ತಿಂದ ಜೋಳದ ಹಿಟ್ಟಿಗೂ ಜಿಗಿ, ಅಂದರೆ ಹಿಡಿದುಕೊಳ್ಳುವ ಅಂಟು, ಇರುವುದಿಲ್ಲ. ಪ್ರಯೋಗಾಲಯದ ಭಾಷೆಯಲ್ಲಿ ಹೇಳುವುದಾದರೆ, ಹೋಲಿಸಿ ನೋಡಲು ನಮ್ಮ ಬಳಿ ಏನೂ ಇರಲಿಲ್ಲ.

ನನಗೊಂದು ಅನುಮಾನವಿತ್ತು. ನೀರೂ ಯೂರಿಯಾವೂ ಸಿಕ್ಕ ಜೋಳ ಹಸಿರಾಗಿಯೇ ಹೆಚ್ಚು ದಿನ ನಿಲ್ಲುತ್ತದೆ. ತೆನೆ ತಡವಾಗಿ ಬರುತ್ತದೆ, ಕಾಳು ತುಂಬುವ ಹೊತ್ತಿಗೆ ಚಳಿ ಹೋಗಿ ಬಿಸಿಲು ಏರಿರುತ್ತದೆ. ಸಾರಜನಕ ಹೆಚ್ಚಾದಷ್ಟೂ ಕಾಳಿನಲ್ಲಿ ಸಸಾರಜನಕ, ಅಂದರೆ ಪ್ರೋಟೀನು, ಹೆಚ್ಚು, ಪಿಷ್ಟದ ಪಾಲು ಕಡಿಮೆ. ರೊಟ್ಟಿಯನ್ನು ಹಿಡಿದಿಡುವುದು ಬಿಸಿನೀರಿಗೆ ಅಂಟಾಗುವ ಆ ಪಿಷ್ಟ. ಹಾಗಾಗಿ ಇಳುವರಿ ಹೆಚ್ಚಿದ್ದೂ ಜಿಗಿ ಕಡಿಮೆಯಾದದ್ದೂ ಒಂದೇ ಹಾಳೆಯ ಎರಡು ಮಗ್ಗುಲಿರಬಹುದು. ಇರಬಹುದು ಅಷ್ಟೇ. ನಮ್ಮ ಪ್ರಯೋಗಾಲಯದಲ್ಲಿ ಜಿಗಿಗೆ ಯಂತ್ರವಿಲ್ಲ. ನನ್ನಿಂದ ಸಾಬೀತು ಮಾಡಲಾಗದು ಎಂಬುದು ನನಗೆ ಅನುಕೂಲವೇ ಆಯಿತು. ಅವ್ವನಿಗೆ ಈ ಅನುಮಾನ ಹೇಳಲಿಲ್ಲ. ಹೇಳಿದರೆ ಶಿಫಾರಸು ಬರೆದದ್ದು ನಾನೆಂದು ಹೇಳಬೇಕಿತ್ತು. ಮಾವ ನನ್ನನ್ನು ಕೇಳಿಯೇ ಗೊಬ್ಬರ ಹಾಕಿದ್ದೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಅವ್ವ ಮೊದಲ ರೊಟ್ಟಿಯನ್ನು ಕಳಿಸಲಾಗದೆ ಒಂದು ವಾರ ಕಳೆದಳು. ದಿನಾ ಬೆಳಗ್ಗೆ ಒಂದೇ ಒಂದು ಬಡಿದು ನೋಡುವುದು, ಒಡೆದದ್ದನ್ನು ಮೊಸರಿನಲ್ಲಿ ನೆನೆಸಿ ತಾನೇ ತಿನ್ನುವುದು. ಉಳಿದ ಮನೆಗಳ ರೊಟ್ಟಿಯನ್ನು ಮಾವಶಿಗೆ ವಹಿಸಿದಳು. ಆ ಮನೆಗಳಿಂದ ಬಂದ ಹುಡುಗಿಯೊಬ್ಬಳು, ಅಜ್ಜಿ ಊರಿಗೆ ಹೋಗ್ಯಾರೇನ್ರಿ, ರೊಟ್ಟಿ ಬ್ಯಾರೇ ಅದಾವಲ್ಲ ಎಂದು ಬಾಗಿಲಲ್ಲೇ ನಿಂತು ಕೇಳಿದಳು. ಅವ್ವ ಒಳಗಿದ್ದಳು. ಕೇಳಿಸಿಕೊಂಡಿರಬೇಕು.

ಆಗ ನಾನು ಮಾಡಿದ ಕೆಲಸ ಸಣ್ಣದು. ಅವ್ವ ಸ್ನಾನಕ್ಕೆ ಹೋದಾಗ ಹಿಟ್ಟಿನ ಡಬ್ಬಿಗೆ ಎರಡು ಹಿಡಿ ಗೋಧಿಹಿಟ್ಟು ಹಾಕಿ ಕೈಯಾಡಿಸಿದೆ. ಹೋಟೆಲಿನವರು ಮಾಡುವುದೇ ಇದು. ಜೋಳದ ಹಿಟ್ಟನ್ನು ಗೋಧಿ ದಾರದ ಹಾಗೆ ಹೊಲಿದು ಹಿಡಿಯುತ್ತದೆ. ಡಬ್ಬಿಯ ಮುಚ್ಚಳ ಹಾಕುವಾಗ ಕೆಳಗೆ ಗಿರಣಿ ಓಡುತ್ತಿತ್ತು ಎಂದು ನೆನಪು. ನಡುಕಕ್ಕೆ ಹಿಟ್ಟು ತಾನೇ ಸಮವಾಗಿ ಕೂತಿತು. ಅವ್ವ ಬಂದು ನಾದಿದಳು, ಬಡಿದಳು. ರೊಟ್ಟಿ ಒಡೆಯಲಿಲ್ಲ. ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದಳು. ಉಬ್ಬಿತು. ನಾನು ಅವಳ ಮುಖ ನೋಡುತ್ತಿದ್ದೆ. ಅವಳ ಮೂಗಿನ ಹೊಳ್ಳೆ ಒಮ್ಮೆ ಅಗಲವಾಯಿತು. ಸಂತೋಷಕ್ಕೆ ಹಾಗಾಯಿತು ಎಂದುಕೊಂಡೆ.

ಆ ರೊಟ್ಟಿ ಒಣಗಿ, ರಟ್ಟಿನ ನಡುವೆ ಕೂತು, ಬಟ್ಟೆ ಸುತ್ತಿಕೊಂಡು ಊರಿಗೆ ಹೋಯಿತು. ಇಡಿಯಾಗಿ ಮುಟ್ಟಿತೆಂದು ಮಾವ ಫೋನು ಮಾಡಿದ. ಅವ್ವ ಹ್ಞೂಂ ಅಂದಳು, ಮಳೆ ಬೆಳೆ ಕೇಳಿದಳು. ಮರುದಿನದಿಂದ ಅವಳು ಮತ್ತೆ ಬಡಿಯುತ್ತಾಳೆ ಎಂದು ನಾನು ಕಾದೆ, ಗೋಧಿಹಿಟ್ಟಿನ ಡಬ್ಬಿಯನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದೆ. ಅವಳು ಪರಾತ ಮುಟ್ಟಲಿಲ್ಲ. ಆಯಾಸ, ಬ್ಯಾಸಗಿ, ನಾಳೆ ಎಂದಳು. ವರ್ಷ ಕಳೆಯಿತು. ಮನೆಗಳ ರೊಟ್ಟಿ ಪೂರ್ತಿ ಮಾವಶಿಯ ಕೈಗೆ ಹೋಯಿತು. ಅವ್ವ ಬೇಯಿಸುವವಳಾದಳು.

ಈ ನಡುವೆ ಮಾವ ತನ್ನ ಇಡೀ ಹೊಲಕ್ಕೆ ಪೈಪು ಹಾಕಿಸಿದ. ಅದು ಗೊತ್ತಾದಾಗ ನನಗೆ ಏನೂ ಅನಿಸಲಿಲ್ಲ. ಬೆಳೆ ಚೆನ್ನಾಗಿ ಬಂದಿತ್ತು, ಹಾಕಿಸಿದ್ದಾನೆ. ಅಷ್ಟೇ.

ಮರುವರ್ಷದ ಜೋಳವನ್ನು ಅವನು ಲಾರಿಯಲ್ಲಿ ಕಳಿಸಲಿಲ್ಲ. ಬೇಸಿಗೆಯಲ್ಲಿ ತಾನೇ ಬಂದ. ದೊಡ್ಡ ಚೀಲದ ಜೊತೆ ಎರಡು ಚಿಕ್ಕ ಚೀಲಗಳಿದ್ದವು. ಚಹಾ ಕುಡಿದು ಆದಮೇಲೆ ಒಂದನ್ನು ನನ್ನ ಮುಂದಿಟ್ಟ.

“ಎಲ್ಲಾರೂ ನಿನಗ ಚಲೋ ಮಣ್ಣ ತರತಾರ ಅಂತ ನಗತಿದ್ದಿ ಅಲ್ಲ ಯವ್ವಾ. ನಾ ಇದ್ದದ್ರಾಗ ಕೆಟ್ಟದ್ದ ಆರಿಸಿ ತಂದೀನಿ, ನೋಡು.”

ಬಿಚ್ಚಿದೆ. ಕಪ್ಪು ಹೆಂಟೆಗಳ ಮೇಲೆ ಬಿಳಿಯ ಪೊರೆ, ಬೂದಿ ಮೆತ್ತಿದ ಹಾಗೆ. ನಾಲಿಗೆಗೆ ಇಟ್ಟು ನೋಡುವ ಅಗತ್ಯವಿರಲಿಲ್ಲ. ಕೆಳಗಿನ ಹೊಲದ ತಗ್ಗಿನಲ್ಲಿ ಸವಳು ಎದ್ದಿತ್ತು, ಮಣ್ಣಿನ ಉಪ್ಪು ಮೇಲೆ ಬಂದಿತ್ತು. ಮಾವ ಹೇಳುತ್ತ ಹೋದ. ಆ ತಗ್ಗಿನಲ್ಲಿ ಈ ಸಲ ಬೀಜ ಅರ್ಧಕ್ಕರ್ಧ ಮೊಳೆಯಲಿಲ್ಲ. ಉಳಿದ ಕಡೆ ಆಳೆತ್ತರ ಮೀರಿ ಬೆಳೆದ ಜೋಳ ಒಂದು ಗಾಳಿಗೆ ಮಲಗಿತು, ಮಲಗಿದ ತೆನೆಗಳ ಕಾಳು ಕಪ್ಪಾಯಿತು. ಮೇವಿನ ಕಣಿಕೆ ಹೆಬ್ಬೆರಳು ದಪ್ಪ, ಎತ್ತು ಮೇಲಿನ ಎಲೆ ತಿಂದು ದಂಟು ಬಿಟ್ಟುಬಿಡುತ್ತವೆ. ಎತ್ತಿಗೆ ಮೊದಲ ವರ್ಷವೇ ಗೊತ್ತಾಗಿತ್ತು, ನನಗೆ ಗೊತ್ತಾಗಲಿಲ್ಲ ಎಂದ. ಆಮೇಲೆ ಅವ್ವನ ಕಡೆ ತಿರುಗಿದ.

“ಆದ್ರ ಅಕ್ಕಾ, ನಿನ್ನ ರೊಟ್ಟಿ ಇಡೀದ ಬಂದಿತ್ತಲ್ಲ. ಅದನ್ನ ನೋಡೇ ನಾ ಎಲ್ಲಾ ಹೊಲಕ್ಕ ನೀರ ಬಿಟ್ಟೆ.”

ನನಗೆ ಅರ್ಥವಾಗಲಿಲ್ಲ. ಅವನೇ ವಿವರಿಸಿದ. ಪ್ರತಿವರ್ಷ ಅಕ್ಕನ ರೊಟ್ಟಿ ಬಂದಮೇಲೆಯೇ ಅವನು ಯಾವ ತುಣುಕಿನ ಬೀಜ ಇಡಬೇಕು, ಯಾವುದನ್ನು ಮಾರಬೇಕು, ಮುಂದಿನ ಸಲ ಎಷ್ಟು ಗೊಬ್ಬರ ಎಂದು ನಿಶ್ಚಯಿಸುತ್ತಿದ್ದುದು. ತೆಳ್ಳಗೆ ಇಡಿಯಾಗಿ ಬಂದರೆ ಹೊಲ ಸರಿಯಿದೆ. ಅಂಚು ಬಿರಿದಿದ್ದರೆ ಏನೋ ತಪ್ಪಿದೆ. ಅವರ ತಾಯಿ ಇದ್ದಾಗ ತಾಯಿಯ ರೊಟ್ಟಿ, ಆಮೇಲೆ ಅಕ್ಕನದು. ಮನೆಯಲ್ಲಿ ಹೆಂಡತಿ ಮಾಡುವುದಿಲ್ಲವೇ ಎಂದರೆ, ಅವಳು ದಿನಾ ಮಾಡುವವಳು, ಒಡೆಯುವ ಹಿಟ್ಟನ್ನೂ ಹೇಗಾದರೂ ಹೊಂದಿಸಿಕೊಂಡುಬಿಡುತ್ತಾಳೆ. ಅಕ್ಕ ಹೊಸ ಹಿಟ್ಟಿನ ಮೊದಲ ರೊಟ್ಟಿಯನ್ನೇ ಕಳಿಸುವವಳು, ಆ ಕೈ ಸುಳ್ಳು ಹೇಳುವುದಿಲ್ಲ ಎಂದ. ನಾನು ಇಷ್ಟು ವರ್ಷ ಪ್ರೀತಿಯೆಂದು ಕರೆದದ್ದು ಒಂದು ವರದಿ. ಬಹುಶಃ ಎರಡೂ. ಅವ್ವ ಮೊರದಲ್ಲಿ ಏನನ್ನೋ ಹಸನು ಮಾಡುತ್ತಿದ್ದಳು, ತಲೆಯೆತ್ತಲಿಲ್ಲ.

ಮಾವ ಬಸ್ಸಿನಲ್ಲಿ ಕುಡಿಯಲು ಬೋರಿನ ನೀರು ತುಂಬಿ ತಂದಿದ್ದ ಬಾಟಲಿಯಲ್ಲಿ ತಳಕ್ಕೆ ಸ್ವಲ್ಪ ಉಳಿದಿತ್ತು. ಮರುದಿನ ಮಣ್ಣಿನ ಜೊತೆ ಅದನ್ನೂ ಭೋಸರಿಗೆ ಒಯ್ದೆ. ನೀರಿನ ಲವಣಾಂಶ ನೋಡುವುದು ನಮ್ಮಲ್ಲಿ ಅತ್ಯಂತ ಸುಲಭದ ಕೆಲಸ. ಮೀಟರಿನ ಕಡ್ಡಿಯನ್ನು ನೀರಿನಲ್ಲಿ ಅದ್ದಿದರೆ ಒಂದು ನಿಮಿಷದಲ್ಲಿ ಅಂಕಿ ನಿಲ್ಲುತ್ತದೆ. ಕುಡಿಯಲು ಹೇಗೋ ಸಾಗುವ ನೀರು, ನೀರಿಳಿಯದ ಕರಿಮಣ್ಣಿಗೆ ಸಾಗದ ನೀರು. ಆ ಒಂದು ನಿಮಿಷ ಎರಡು ವರ್ಷದ ಹಿಂದೆಯೂ ನನ್ನ ಬಳಿ ಇತ್ತು.

ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಅಕ್ಕ ತಮ್ಮ ಊಟಕ್ಕೆ ಕೂತಿದ್ದರು, ಮಾವಶಿ ಮಾಡಿಟ್ಟುಹೋದ ರೊಟ್ಟಿ. ನಾನು ನಿಂತೇ ಹೇಳಿದೆ. ನೀರಿನ ವಿಷಯ ಮೊದಲು, ಗೋಧಿಹಿಟ್ಟಿನ ವಿಷಯ ಆಮೇಲೆ. ಬಸ್ಸಿನಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು ಬೇರೆಯಿತ್ತು. ಅದರಲ್ಲಿ ನಾನು ಇನ್ನೂ ಸ್ವಲ್ಪ ಒಳ್ಳೆಯವಳಾಗಿದ್ದೆ.

ಮಾವ ತುತ್ತು ಕೆಳಗಿಟ್ಟ. ಅವನಿಗಿಂತ ಮುಂಚೆ ಅವ್ವ ಮಾತಾಡಿದಳು.

“ನನಗ ಗೊತ್ತಿತ್ತು.”

ಇಬ್ಬರೂ ಅವಳನ್ನು ನೋಡಿದೆವು.

“ಗೋಧಿ ಹಂಚಿನ ಮ್ಯಾಲ ಬಿದ್ದ ಕೂಡಲೇ ವಾಸನಿ ಬರತದ. ನಲವತ್ತ ವರ್ಷ ಹಂಚಿನ ಮುಂದ ಕುಂತಾಕಿಗೆ ಅಷ್ಟೂ ತಿಳಿಯೂದಿಲ್ಲೇನು?”

“ತಿಳದೂ ಕಳಿಸಿದಿ?” ಮಾವ ಕೇಳಿದ.

ಅವ್ವ ಸ್ವಲ್ಪ ಹೊತ್ತು ತಟ್ಟೆಯಲ್ಲಿ ಬೆರಳಾಡಿಸಿದಳು. “ನಿನಗ ಇಡೀ ರೊಟ್ಟಿ ಹೋಗಬೇಕಿತ್ತು. ನನ್ನ ಕೈ ಹೋಗ್ಯಾವ ಅಂತ ನಿನಗ ತಿಳೀಬಾರದಿತ್ತು, ತಮ್ಮಾ.”

ಮಾವ ಬಹಳ ಹೊತ್ತು ಸುಮ್ಮನಿದ್ದ ಎಂದು ಬರೆಯಬೇಕೆನಿಸುತ್ತದೆ. ಹಾಗೇನೂ ಇರಲಿಲ್ಲ. ತಕ್ಷಣವೇ ನಕ್ಕ, ಆದರೆ ಆ ನಗುವಿನಲ್ಲಿ ನಮ್ಮನ್ನು ಸೇರಿಸಿಕೊಳ್ಳಲಿಲ್ಲ.

“ಅದಕ್ಕ ಅಗಿಯಾಕ ಅಷ್ಟ ಜಿಗಟ ಇತ್ತು. ನಾ ದಾರ್ಯಾಗ ಥಂಡಿ ಹತ್ತೇದ ಅಂದಕೊಂಡೆ. ಬಿಡ್ರಿ, ಇಬ್ಬರೂ ಪಕ್ಕಾ ಪುಣೇದವರಾದ್ರಿ. ಒಳಗ ಏನರ ಇರಲಿ, ಪಾಕೀಟ ಚಂದ ಕಟ್ಟೂದು ಕಲತೀರಿ.”

ಹಾಗಂದಮೇಲೆ ಊಟ ಮುಗಿಸಿದ. ಅವನಿಗೂ ಅನುಮಾನ ಬಂದಿತ್ತು, ಹಲ್ಲಿಗೆ ಸಿಕ್ಕಿತ್ತು. ದೊಡ್ಡ ರಾಶಿ ಕಂಡ ಮೇಲೆ ಇಡಿಯ ರೊಟ್ಟಿ ಅವನಿಗೂ ಬೇಕಾಗಿತ್ತು. ಇದು ನನ್ನ ವಾದ. ನನ್ನ ತಪ್ಪಿನ ಪಾಲನ್ನು ಮೂರು ಭಾಗ ಮಾಡಿ ಹಂಚುವ ವಾದ. ಅದನ್ನು ಅವನ ಮುಂದೆ ಆಡಲಿಲ್ಲ ಅನ್ನುವುದು ಸಮಾಧಾನ.

ಹೊರಡುವ ಮುಂಚೆ ಎರಡನೆಯ ಚಿಕ್ಕ ಚೀಲ ಬಿಚ್ಚಿದ. ನಾಲ್ಕೈದು ಕಿಲೋ ಜೋಳ. ಮೇಲಿನ ಹೊಲದ ಈಶಾನ್ಯ ಮೂಲೆಯಲ್ಲಿ ಒಂದು ಬಂಡೆ ಅಡ್ಡವಿದೆ, ಅದರಾಚೆ ಪೈಪು ಮುಟ್ಟಲಿಲ್ಲ. ಬಿತ್ತಿದ್ದು ಅದೇ ಬೀಜ, ಅದೇ ದಿನ. ನೀರಿಲ್ಲ, ಯೂರಿಯಾ ಹಾಕಲು ಆಳು ಅಲ್ಲಿಯವರೆಗೆ ಹೋಗಲಿಲ್ಲ. ಗೇಣುದ್ದದ ತೆನೆ. ಅಷ್ಟನ್ನು ಬೇರೆ ಕೊಯ್ದು ಬೇರೆ ಬಡಿದು ತಂದಿದ್ದ. ಕಾಳು ಸಣ್ಣದು. ಅಂಗೈಯಲ್ಲಿ ಹಾಕಿಕೊಂಡಾಗ ಉರುಳಿತು, ಹೊಳೆಯಿತು. ಈ ಹೊಳಪಿನ ಬಗ್ಗೆ ನನಗೆ ಅನುಮಾನವಿಲ್ಲ, ಇವತ್ತು ಬೆಳಗ್ಗೆಯೂ ನೋಡಿದ್ದೇನೆ.

“ಇದನ್ನ ಬೀಸಿ ಒಂದ ರೊಟ್ಟಿ ಮಾಡು,” ಎಂದು ಅಕ್ಕನಿಗೆ ಹೇಳಿದ. “ಏನೂ ಕೂಡಸಬ್ಯಾಡ. ಒಡದ್ರ ಒಡದದ್ದ ಕಳಸು. ಇಡೀದ ಬಂತಂದ್ರ ಈ ಸಲ ಎಲ್ಲಾ ಪೈಪ್ ಕಿತ್ತಿ ಹಾಕತೀನಿ.”

ಅವ್ವ ಇವತ್ತು ಬೆರಳು ನೋಯುತ್ತವೆ, ನಾಳೆ ಮಾಡುತ್ತೇನೆ ಎಂದಳು. ಮಾವ ಸಂಜೆಯ ಬಸ್ಸಿಗೆ ಹೋದ.

ಈಗ ಮಳೆಗಾಲ ಮುಗಿಯುತ್ತ ಬಂದಿದೆ. ಹಿಂಗಾರಿ ಬಿತ್ತಿಗೆ ಹೆಚ್ಚು ದಿನವಿಲ್ಲ. ಅವನು ಕಾಯುತ್ತಿದ್ದಾನೆ. ಮೊನ್ನೆ ಫೋನಿನಲ್ಲಿ, ಗಿರಣಿಗೆ ಹಾಕಿಸಿದೇನಕ್ಕಾ ಎಂದು ಕೇಳಿದ. ಗಿರಣಿ ಬಂದ್ ಅದ ಎಂದು ಅವ್ವ ಹೇಳಿದಳು. ಅವಳು ಹಾಗೆ ಹೇಳುವಾಗ ನಮ್ಮ ಕಾಲಡಿಯ ನೆಲ ನಡುಗುತ್ತಿತ್ತು. ಫೋನಿನಲ್ಲಿ ಅವನಿಗೆ ಕೇಳಿಸದೆ ಇರಲು ಸಾಧ್ಯವಿಲ್ಲ.

ಆ ಚೀಲ ಅಡುಗೆಮನೆಯ ಮೂಲೆಯಲ್ಲಿದೆ. ಅದನ್ನು ಬೀಸಿ ರೊಟ್ಟಿ ಮಾಡಿ ಅದು ಇಡಿಯಾಗಿ ಬಂದರೆ ಅವ್ವನ ಕೈ ಸರಿಯಿದೆ. ಹಾಳು ಮಾಡಿದ್ದು ನನ್ನ ಶಿಫಾರಸು, ನಾನು ಖಾಲಿ ಬಿಟ್ಟ ಕಾಲಮ್ಮು. ಒಡೆದರೆ ಅವಳ ಕೈಯ ಬಗ್ಗೆ ಅವಳು ಹೇಳಿದ್ದೇ ನಿಜ, ಮತ್ತು ಮಾವ ಪೈಪು ಕೀಳುವುದಿಲ್ಲ, ಆ ನೀರು ಇಡೀ ಹೊಲಕ್ಕೆ ಹರಿಯುತ್ತಲೇ ಇರುತ್ತದೆ. ಉಪ್ಪು ನೀರು ಬಿಡಬೇಡ ಎಂದು ನಾನು ಅಂಕಿ ಸಮೇತ ಬರೆದು ಕಳಿಸಿದ್ದೇನೆ. ನಿನ್ನ ಹಾಳೆ ಒಂದು ಸಲ ನೋಡಿದ್ದೇನೆ, ಈ ಸಲ ರೊಟ್ಟಿ ನೋಡುತ್ತೇನೆ ಎಂದುಬಿಟ್ಟ. ಎಲ್ಲಕ್ಕೂ ಒಳ್ಳೆಯದು ರೊಟ್ಟಿ ಇಡಿಯಾಗಿ ಬರುವುದು. ಹೊಲಕ್ಕೆ, ಮಾವನಿಗೆ, ಅವ್ವನಿಗೆ. ಇದು ನನಗೆ ಚೆನ್ನಾಗಿ ಗೊತ್ತಿದೆ. ಆದರೂ ಕೆಲವು ದಿನ ಭೋಸರಿಯಿಂದ ಬರುವ ಬಸ್ಸಿನಲ್ಲಿ ಕೂತು ಆ ರೊಟ್ಟಿಯನ್ನು ಮನಸ್ಸಿನಲ್ಲಿ ಬಡಿಯುವಾಗ, ಅದರ ಅಂಚು ಬಿರಿಯಲಿ ಎಂದು ನಾನು ಬಯಸಿದ್ದೇನೆ. ಇದನ್ನು ಚೆಲ್ಲುವ ಭಾಗಕ್ಕೆ ಹಾಕಬಹುದಿತ್ತು. ಹಾಕಲಿಲ್ಲ.

ಇವತ್ತು ಅವ್ವ ಆ ಚೀಲ ಬಿಚ್ಚಿ ಕಾಳನ್ನು ಮೊರಕ್ಕೆ ಸುರಿದುಕೊಂಡು ಕೂತಿದ್ದಳು. ಹಸನು ಮಾಡುತ್ತಿದ್ದಳು. ಈ ವಾರದಲ್ಲಿ ಇದು ಮೂರನೆಯ ಸಲ. ಕೆಳಗೆ ಗಿರಣಿಯ ಪಟ್ಟಿ ಓಡುತ್ತಿತ್ತು, ಮೊರದ ಕಾಳು ಸಣ್ಣಗೆ ಕುಣಿಯುತ್ತಿದ್ದವು.

“ಕೆಳಗ ಒಯ್ಯಲೇನವ್ವಾ?” ಎಂದು ಕೇಳಿದೆ.

“ಇನ್ನೂ ಹಳ್ಳ ಕಲ್ಲ ಅದಾವ,” ಅಂದಳು.

ಬಾಗಿ ನೋಡಿದೆ. ಮೊರದಲ್ಲಿ ಒಂದೂ ಕಲ್ಲಿರಲಿಲ್ಲ. ನಾನು ಅವಳ ಎದುರಿಗೆ ಕೂತು, ಮೊರದ ಈ ಕಡೆಯ ಅಂಚಿನಿಂದ ಹುಡುಕತೊಡಗಿದೆ.